ದುಬೈ ದಾರಿಯ ಮೂರು ಗಂಟೆ

ಅಬ್ದುಲ್ ರಹೀಮ್ ತನ್ನ ಅತ್ತಿಗೆ ಆಯಿಷಾಳ ಕೆನ್ನೆಗೆ ಮೊದಲ ಏಟು ಹೊಡೆದದ್ದು ಬಾಂಬೆಯಿಂದ ಅವಳನ್ನು ಕರೆದುಕೊಂಡು ಬಂದ ದಿನವೇ, ಬಣಕಲ್‌ನಲ್ಲಿ ಬಸ್ಸಿಳಿದು ಮನೆಯ ಹೊಸಿಲು ದಾಟಿ ಹತ್ತು ನಿಮಿಷ ಆಗುವುದರೊಳಗೆ. ಟ್ರಂಕು ಇನ್ನೂ ಜಗಲಿಯ ಮೇಲಿತ್ತು. ಮೂರು ತಿಂಗಳ ಮೇಲೆ ತಾಯಿಯನ್ನು ಕಂಡ ಐದು ವರ್ಷದ ಬಾನು ಅವಳ ಸೊಂಟ ತಬ್ಬಿ ನಿಂತಿದ್ದಳು. ಏಟಿನ ಭರಕ್ಕೆ ತಾಯಿ ಮಗಳು ಇಬ್ಬರೂ ಬಾಗಿಲ ಚೌಕಟ್ಟಿಗೆ ಬಡಿದರು.

"ಈಗ ಹೇಳು," ಅಂದ ರಹೀಮ್. "ಅಬ್ಬಾ ಅಮ್ಮಿ ಎದುರಿಗೇ ಹೇಳು. ಆ ಮೂರು ಗಂಟೆ ನೀನು ಎಲ್ಲಿದ್ದೆ?"

"ಯಾವ ಮೂರು ಗಂಟೆ?"

ಬಾಯಲ್ಲಿ ರಕ್ತದ ರುಚಿ ಬಂತು. ಬಸ್ಸಿನಲ್ಲಿ ಎರಡು ದಿನ ಮೈದುನ ಮಾತೇ ಆಡಿರಲಿಲ್ಲ. ದಣಿವಿರಬೇಕು ಅಂದುಕೊಂಡಿದ್ದಳು. ಮದುವೆಯಾದಂದಿನಿಂದ "ಭಾಬಿ, ನೀವು" ಅನ್ನುತ್ತಿದ್ದವನು "ನೀನು" ಅಂದದ್ದು ಏಟಿಗಿಂತ ಜೋರಾಗಿ ತಾಗಿತು.

ಮಾವ ರಜಬ್ ಅಲಿ ಬೆಂಚಿನ ಮೇಲೆ ಕೂತಲ್ಲಿಂದ ಏಳಲಿಲ್ಲ. ಮೂವತ್ತು ವರ್ಷ ಕಾಫಿ ಲಾರಿ ಓಡಿಸಿ, ಆಮೇಲೆ ಹೆದ್ದಾರಿ ಪಕ್ಕದಲ್ಲಿ ವರ್ಕ್‌ಶಾಪ್ ಹಾಕಿ, ಅದರ ಹಿಂದೆಯೇ ಮನೆ ಕಟ್ಟಿದ ಮನುಷ್ಯ. ಯಾವ ಇಂಜಿನ್ನೇ ಆಗಲಿ, ಮೊದಲು ಶಬ್ದ ಕೇಳಿ ಆಮೇಲೆ ಬಿಚ್ಚುವುದು ಅವನ ಕ್ರಮ.

"ಹೊಡೆಯೋದು ಆಮೇಲೆ ಇದ್ದೇ ಇದೆ," ಅಂದ. "ಎಂತ ಆಯ್ತು, ಕೂತು ಹೇಳು."

ರಹೀಮ್ ಕೂರಲಿಲ್ಲ. "ನಜೀರ್ ಭಾಯಿ ಬರೆದಿದ್ದ. ಹದಿನೈದನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ದುಬೈನಲ್ಲಿ ಇವಳನ್ನ ವಿಮಾನ ಹತ್ತಿಸ್ತೀನಿ, ನೀನು ಬಾಂಬೆಗೆ ಹೋಗಿ ಕರ್ಕೊಂಡು ಬಾ ಅಂತ. ಹೋಗುವಾಗ ಎಷ್ಟು ಹೊತ್ತು ಹಿಡೀತು? ಟಿಕೆಟಿನ ಕವರಿನ ಮೇಲೆ ಏಜೆಂಟೇ ಬರೆದಿದ್ದಾನೆ. ಬಾಂಬೆ ಬಿಡೋದು ಒಂಬತ್ತೂವರೆ, ದುಬೈ ಸೇರೋದು ಹನ್ನೊಂದು. ಒಂದೂವರೆ ಗಂಟೆ. ಹಾಗಾದ್ರೆ ಬರುವಾಗ ಹನ್ನೊಂದೂವರೆಗೆ ಇಳೀಬೇಕಲ್ಲ. ನಾನು ಹನ್ನೊಂದಕ್ಕೇ ಹೋಗಿ ಗೇಟಿನ ಹತ್ರ ನಿಂತೆ. ಹನ್ನೊಂದೂ ಮುಕ್ಕಾಲಿಗೆ ಒಂದು ವಿಮಾನ ಬಂತು. ಹೊರಗೆ ಬಂದವರನ್ನ ಕೇಳ್ದೆ, ದುಬೈನಿಂದಲೇ ಅಂದ್ರು. ಎಲ್ಲಾರೂ ಬಂದ್ರು. ಇವಳಿಲ್ಲ. ಇವಳು ಬಂದಿದ್ದು ಮೂರೂವರೆಗೆ. ಒಂದು ಗಂಟೆ ಸಾಮಾನು ತಪಾಸಣೆಗೆ ಅಂತ ಬಿಡಿ. ಉಳಿದ ಮೂರು ಗಂಟೆ? ಬಂದಿದ್ದಾದ್ರೂ ಹೇಗೆ, ಹಿಂದೆ ಒಬ್ಬ ಮಲಯಾಳಿ ಟ್ರಂಕು ತಳ್ಕೊಂಡು."

"ಅವರ ಹೆಂಡ್ತಿ ಮಗೂಗೆ ಹಾಲು ಕುಡಿಸೋಕೆ ಒಳಗೆ ಕೂತಿದ್ರು," ಅಂದಳು ಆಯಿಷಾ. "ವಿಮಾನದಲ್ಲಿ ನನ್ನ ಪಕ್ಕದ ಸೀಟು ಅವರದ್ದು."

"ಗಡಿಯಾರದ ವಿಷಯ ಹೇಳು. ಗಂಟೆ ಎಷ್ಟು ನೋಡು ಅಂತ ಅಲ್ಲೇ ಕೇಳ್ದೆ ಅಬ್ಬಾ. ಭಾಯಿ ಕೊಡಿಸಿದ ಹೊಸಾ ವಾಚು ತೋರಿಸ್ತಾಳೆ, ಎರಡು ಗಂಟೆ ಅಂತ. ಏರ್‌ಪೋರ್ಟಿನ ಗಡಿಯಾರದಲ್ಲಿ ಮೂರೂವರೆ. ತಡ ಆಗಿದ್ದು ಗೊತ್ತಾಗಬಾರದು ಅಂತ ಮುಳ್ಳು ಹಿಂದಕ್ಕೆ ತಿರುಗಿಸ್ಕೊಂಡು ಬಂದಿದ್ದಾಳೆ."

"ನಾನು ಮುಳ್ಳು ಮುಟ್ಟೇ ಇಲ್ಲ. ಅವರು ಕೈಗೆ ಕಟ್ಟಿದ ಹಾಗೇ ಇದೆ."

ಒಲೆಯ ಮುಂದಿದ್ದ ಅತ್ತೆ ಕುಲ್ಸುಮ್ ಚಹಾದ ಲೋಟ ಹಿಡಿದು ಬಂದಳು. "ಬರುವಾಗ ಜಾಸ್ತಿ ಹೊತ್ತು ಹಿಡೀಬಾರದಾ? ಘಾಟಿ ಇಳಿಯೋಕೆ ಮುಕ್ಕಾಲು ಗಂಟೆ, ಲೋಡು ಹೊತ್ತು ಹತ್ತೋಕೆ ಎರಡು ಗಂಟೆ ಅಂತ ನೀವೇ ಹೇಳ್ತೀರಿ."

"ಆಕಾಶದಲ್ಲಿ ಯಾವ ಚಾರ್ಮಾಡಿ ಇದೆ ಮಾರಾಯ್ತಿ," ಅಂದ ರಜಬ್ ಅಲಿ. "ಎಷ್ಟು ಮೈಲಿ ಅದು?"

ಮಗಳಿಗೆ ತೋರಿಸಲೆಂದು ಆಯಿಷಾ ವಿಮಾನದಿಂದ ಒಂದು ಬಣ್ಣದ ನಕ್ಷೆಯ ಹಾಳೆ ತಂದಿದ್ದಳು. ನೀಲಿ ಸಮುದ್ರದ ಮೇಲೆ ಕೆಂಪು ಗೆರೆ, ಗೆರೆಯ ಪಕ್ಕದಲ್ಲಿ ಮೈಲಿ. ರಹೀಮ್ ಓದಿದ, ಸಾವಿರದ ಇನ್ನೂರು.

ಮುದುಕ ಮನಸ್ಸಿನಲ್ಲೇ ಭಾಗಿಸಿದ. "ಒಂದೂವರೆ ಗಂಟೆಗೆ ಸಾವಿರದ ಇನ್ನೂರು. ಅಂದ್ರೆ ಗಂಟೆಗೆ ಎಂಟುನೂರು ಮೈಲಿ. ಒಳ್ಳೆ ಇಂಜಿನ್ನು."

ಲಾರಿಯ ವಿಷಯವಾಗಿದ್ದರೆ, ಅಷ್ಟು ಓಡುತ್ತದೆಯೇ, ನೋಡಿದವರು ಯಾರು ಎಂದು ಕೇಳದೆ ಬಿಡುವ ಮನುಷ್ಯನಲ್ಲ. ವಿಮಾನವಲ್ಲವೇ, ಓಡಿದರೂ ಓಡೀತು ಎಂದು ನಂಬಿಬಿಟ್ಟ. ಅಲ್ಲೇ ತಪ್ಪಿದ್ದು. ಆ ಒಂದು ಪ್ರಶ್ನೆ ಕೇಳಿದ್ದರೆ ಮುಂದೆ ಯಾರ ಮೂಳೆಯೂ ಮುರಿಯುತ್ತಿರಲಿಲ್ಲ.

"ನಜೀರನಿಗೆ ಕಾಗದ ಹಾಕು," ಅಂದ ಮಗನಿಗೆ. "ಅವನು ಹೇಳಿದ ಹಾಗೆ ಮಾಡೋದು. ಇಟ್ಕೊಳ್ಳಿ ಅಂದ್ರೆ ಇರ್ತಾಳೆ. ತಲಾಖ್ ಅಂದ್ರೆ ಸಂಸೆಗೆ ಅಣ್ಣನ ಮನೆಗೆ ಹೋಗ್ತಾಳೆ. ಮಗು ನಮ್ಮದು, ಇಲ್ಲೇ ಇರುತ್ತೆ. ಅಲ್ಲೀತನಕ ಇವಳ ಕೈಯ ಅಡುಗೆ ಈ ಮನೇಲಿ ಯಾರೂ ಉಣ್ಣೋದು ಬೇಡ."

"ನಾನೂ ಒಂದು ಕಾಗದ ಬರೀತೀನಿ ಅಬ್ಬಾ."

"ಒಂದು ಮನೆಯಿಂದ ಒಂದೇ ಕಾಗದ ಹೋಗೋದು."

ಬರೆದರೂ ಕಳಿಸುವಂತಿರಲಿಲ್ಲ. ದುಬೈ ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆಯಲು ಅವಳಿಗೆ ಬರುತ್ತಿರಲಿಲ್ಲ. ಗಂಡ ಇದ್ದದ್ದು ಸಾವಿರದ ಇನ್ನೂರು ಮೈಲಿ ಆಚೆ. ಅವನಿಗೂ ಅವಳಿಗೂ ನಡುವೆ ರಹೀಮನ ಪೆನ್ನು ಮಾತ್ರ ಇತ್ತು.

ರಜಬ್ ಅಲಿ ಸೊಸೆಯ ವಾಚನ್ನು ಬಿಚ್ಚಿಸಿಕೊಂಡ. ಅದು ಕೀ ಕೊಡಬೇಕಿಲ್ಲದ, ಸೆಲ್ಲಿನ ಮೇಲೆ ಓಡುವ ವಾಚು. ಗೋಡೆ ಗಡಿಯಾರದ ಪಕ್ಕದಲ್ಲಿ ಒಂದು ಮೊಳೆ ಹೊಡೆದು ಅದನ್ನು ನೇತುಹಾಕಿದ. "ಇರಲಿ, ಸಾಕ್ಷಿಗೆ," ಅಂದ. "ಅವನು ಬಂದು ನೋಡಲಿ."

ರಹೀಮನ ಸಿಟ್ಟಿಗೆ ಹಳೆಯ ಬೇರಿತ್ತು. ನಜೀರ್ ದುಬೈಗೆ ಹೋಗಿ ಐದು ವರ್ಷವಾಗಿತ್ತು. ಒಂದು ಕಂಪನಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಪ್ರತಿ ರಜೆಯಲ್ಲೂ ತಮ್ಮನ ಹೆಗಲ ಮೇಲೆ ಕೈ ಹಾಕಿ, ಮುಂದಿನ ವರ್ಷ ನಿನಗೂ ವೀಸಾ ಅನ್ನುತ್ತಿದ್ದ. ಎಂಬತ್ತಮೂರರ ಫೆಬ್ರವರಿಯಲ್ಲಿ ಅವನು ರಜೆಗೆ ಬಂದಾಗ ವೀಸಾ ತಂದದ್ದು ನಿಜ. ಅದು ಹೆಂಡತಿಗೆ, ಮೂರು ತಿಂಗಳು ಬಂದುಹೋಗಲಿಕ್ಕೆ. ಅಣ್ಣ ಅತ್ತಿಗೆ ಜೊತೆಯಾಗಿ ವಿಮಾನ ಹತ್ತಿದ ಮೇಲೆ ರಹೀಮ್ ಒಂದು ವಾರ ಯಾರೊಡನೆಯೂ ಮಾತಾಡದೆ ಉಂಡಿದ್ದ.

ಮೊದಲೆರಡು ವಾರ ಮನೆಯಲ್ಲಿ ಎರಡು ಒಲೆ ಉರಿದವು. ಕುಲ್ಸುಮ್ ಅರವತ್ತರ ಮೊಣಕಾಲಿನಲ್ಲಿ ಕೂತು ಎಲ್ಲರಿಗೂ ಅಕ್ಕಿರೊಟ್ಟಿ ಸುಟ್ಟಳು. ಆಯಿಷಾ ಹಿಂದಿನ ಚಪ್ಪರದಲ್ಲಿ ಮೂರು ಕಲ್ಲು ಹೂಡಿ ತನಗೊಂದು ಹಿಡಿ ಗಂಜಿ ಬೇಯಿಸಿಕೊಂಡಳು. ನೀರು ಹೊರುವುದು, ಗ್ರೀಸು ಹಿಡಿದ ಬಟ್ಟೆ ಒಗೆಯುವುದು, ಅಂಗಳ ಗುಡಿಸುವುದು ಅವಳಿಗೇ ಉಳಿಯಿತು. ಆ ಕೈಯ ಕೆಲಸಕ್ಕೆ ಮಾತ್ರ ಯಾರೂ ಬೇಡ ಅನ್ನಲಿಲ್ಲ. ಬಾನು ಅಜ್ಜಿಯ ಪಕ್ಕದಲ್ಲಿ ಮಲಗಬೇಕು ಎಂದಾಯಿತು. ಹಗಲು ತಾಯಿಯ ಹತ್ತಿರ ಓಡಿದರೆ ರಹೀಮ್ ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಿದ್ದ. ಒಮ್ಮೆ ಹಾಗೆ ಎಳೆದಾಗ ಮಗುವಿನ ರಟ್ಟೆಯಲ್ಲಿ ನಾಲ್ಕು ಬೆರಳು ನೀಲಿಯಾಗಿ ಮೂಡಿದವು.

"ಚಿಕ್ಕಪ್ಪಾ, ಅಮ್ಮಿ ಎಂತ ಕದ್ದಿದ್ದು?" ಅಂತ ಬಾನು ಕೇಳಿದಳು.

"ಹೊತ್ತು," ಅಂದ ರಹೀಮ್.

ಕುಲ್ಸುಮ್ ಒಂದು ದಿನ ಚಪ್ಪರಕ್ಕೆ ಬಂದು ಪಿಸುಗುಟ್ಟಿದಳು. "ಕುರಾನ್ ಮುಟ್ಟಿ ಆಣೆ ಮಾಡಿಬಿಡು ಆಯಿಷಾ. ನಿಮ್ಮ ಮಾವ ಅದಕ್ಕೆ ತಗ್ಗಬಹುದು."

"ಮುಟ್ಟಿ ಎಂತ ಹೇಳಲಿ ಅಮ್ಮೀ? ಎಲ್ಲೂ ಹೋಗಲಿಲ್ಲ ಅಂತಲಾ? ಅವರು ಕೇಳೋದು ಎಲ್ಲಿದ್ದೆ ಅಂತ. ವಿಮಾನದಲ್ಲಿದ್ದೆ ಅಂದ್ರೆ, ಅದು ಒಂದೂವರೆ ಗಂಟೆಯದು ಅಂತಾರೆ. ಕಿಟಕಿಯಲ್ಲಿ ಬರೀ ನೀರು ಕಾಣ್ತಿತ್ತು. ಊಟ ಕೊಟ್ರು, ತಿಂದೆ. ಇಳಿಯುವಾಗ ನನ್ನ ವಾಚಿನಲ್ಲಿ ಒಂದು ಗಂಟೆ. ಹೋಗುವಾಗಲೂ ಅಷ್ಟೇ ಹೊತ್ತು ಕೂತ ಹಾಗಿತ್ತು."

"ಹಾಗೆ ಅನಿಸೋದಕ್ಕೆಲ್ಲ ಇಲ್ಲಿ ಬೆಲೆ ಇಲ್ಲ," ಅಂದು ಕುಲ್ಸುಮ್ ಎದ್ದು ಹೋದಳು. ಅವಳಿಗೂ ಅನುಮಾನ ಇತ್ತು ಎಂಬುದನ್ನು ಮರೆಮಾಚಬಾರದು.

ಮನೆಯ ಮಾತು ವರ್ಕ್‌ಶಾಪಿಗೆ ಬರಲು ಒಂದು ಗೋಡೆ ದಾಟಿದರೆ ಸಾಕಿತ್ತು. ಜೂನ್ ಮೊದಲ ವಾರ ಲಿಂಗಪ್ಪನೆಂಬ ಲಾರಿ ಡ್ರೈವರ್ ಬ್ರೇಕ್ ರಿಪೇರಿಗೆ ಬಂದ. ರಹೀಮನಿಗೆ ಹತ್ತು ವರ್ಷದ ಗೆಳೆಯ, ಬಾಯಿ ಸ್ವಲ್ಪ ಸಡಿಲ.

"ಬೆಳಿಗ್ಗೆಯೇ ಬರಬೇಕಿತ್ತಲ್ಲ ನೀನು?" ಅಂದ ರಹೀಮ್, ಗಾಡಿಯ ಕೆಳಗಿನಿಂದ.

"ಕೊಟ್ಟಿಗೆಹಾರದಲ್ಲಿ ಮೂರು ಗಂಟೆ ಸುಮ್ನೆ ನಿಂತಿತ್ತು ಮಾರಾಯ," ಅಂದ ಲಿಂಗಪ್ಪ, ಉಳಿದವರ ಕಡೆ ಕಣ್ಣು ಹೊಡೆದು. "ದುಬೈ ವಿಮಾನದ ಹಾಗೆ."

ರಹೀಮ್ ಗಾಡಿಯ ಕೆಳಗಿನಿಂದ ಹೊರಗೆ ಬಂದ. ಕೈಯಲ್ಲಿ ವೀಲ್ ಸ್ಪ್ಯಾನರ್ ಇತ್ತು. ಒಂದೇ ಏಟಿಗೆ ಲಿಂಗಪ್ಪನ ದವಡೆ ಪಕ್ಕಕ್ಕೆ ಸರಿಯಿತು. ಎರಡು ಹಲ್ಲು ಹಳೇ ಎಣ್ಣೆಯ ಬಾಂಡಲಿಗೆ ಬಿದ್ದು ಮುಳುಗಿದವು. ಲಿಂಗಪ್ಪ ಮಣ್ಣಿನಲ್ಲಿ ಕೂತು, ಕೈಗೆ ಸುರಿಯುತ್ತಿದ್ದ ರಕ್ತ ನೋಡುತ್ತ, "ತಮಾಷೆ ಮಾಡಿದ್ದು ಮಾರಾಯ, ತಮಾಷೆ" ಅನ್ನಲು ನೋಡಿದ. ಮಾತು ಹೊರಗೆ ಬರಲಿಲ್ಲ. ಮತ್ತೊಂದು ಏಟಿಗೆ ಎತ್ತಿದ ಕೈಯನ್ನು ಮೂವರು ಸೇರಿ ಹಿಡಿದರು.

ರಜಬ್ ಅಲಿ ತಾನೇ ಲಿಂಗಪ್ಪನನ್ನು ಮೂಡಿಗೆರೆ ಆಸ್ಪತ್ರೆಗೆ ಸೇರಿಸಿ, ಅವನ ಹೆಂಡತಿಯ ಮುಂದೆ ಕೈ ಮುಗಿದು, ಪೊಲೀಸರವರೆಗೆ ಹೋಗದಂತೆ ನೋಡಿಕೊಂಡು ಸಂಜೆ ಮನೆಗೆ ಬಂದ. ಮಗನಿಗೆ ಏನೂ ಅನ್ನಲಿಲ್ಲ. ಬಾಗಿಲ ಹಿಂದಿನ ಮೊಳೆಯಿಂದ ಹಳೇ ಲಾರಿಯ ಫ್ಯಾನ್ ಬೆಲ್ಟ್ ತೆಗೆದ. ಇಬ್ಬರು ಗಂಡುಮಕ್ಕಳನ್ನೂ ಆ ಬೆಲ್ಟಿನಲ್ಲೇ ಬೆಳೆಸಿದ್ದು. ಹನ್ನೆರಡು ವರ್ಷದಿಂದ ಅದು ಮೊಳೆ ಬಿಟ್ಟು ಇಳಿದಿರಲಿಲ್ಲ.

ಆಯಿಷಾ ಚಪ್ಪರದಲ್ಲಿ ಒರಳಿನ ಪಕ್ಕ ನಿಂತು ಅಕ್ಕಿ ಕೇರುತ್ತಿದ್ದಳು.

"ಮೂರು ಗಂಟೆಗೆ ಮೂರು ಏಟು," ಅಂದ ಮುದುಕ, ಕೂಲಿ ಹೇಳುವವನ ದನಿಯಲ್ಲಿ. "ಜಾಸ್ತಿ ಇಲ್ಲ, ಕಮ್ಮಿ ಇಲ್ಲ. ನಡುವೆ ನಿಜ ಹೇಳಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ."

ಮೊದಲನೆಯದು ಬೆನ್ನಿಗೆ ಬಿತ್ತು. ಮೊರ ಹಾರಿ ಅಕ್ಕಿ ಚೆಲ್ಲಿತು.

"ಎಲ್ಲಿದ್ದೆ?"

"ವಿಮಾನದಲ್ಲಿ."

ಎರಡನೆಯದು ಹೆಗಲಿಂದ ಕುತ್ತಿಗೆಯವರೆಗೆ ಚರ್ಮ ಕಿತ್ತುಕೊಂಡು ಹೋಯಿತು.

"ಎಲ್ಲಿದ್ದೆ?"

"ವಿಮಾನದಲ್ಲಿ ಅಬ್ಬಾ."

ಮೂರನೆಯದಕ್ಕೆ ಅವಳು ಎಡಗೈ ಅಡ್ಡ ಕೊಟ್ಟಳು. ಬೆಲ್ಟು ಕೈಗೆ ಸುತ್ತಿಕೊಂಡು ಎಳೆದಾಗ ಮುಗ್ಗರಿಸಿ ಒರಳುಕಲ್ಲಿನ ಅಂಚಿಗೆ ಬಿದ್ದಳು. ಒಣಸೌದೆ ಮುರಿದಂಥ ಶಬ್ದ ಒಳಗಿನ ಒಲೆಯವರೆಗೆ ಕೇಳಿಸಿತು. ಕುಲ್ಸುಮ್ ಕೈಯಲ್ಲಿದ್ದ ರೊಟ್ಟಿಯನ್ನು ಮಗುಚುವುದು ಮರೆತಳು. ಅದು ಕಾವಲಿಯ ಮೇಲೆ ಕರಿಕಾಯಿತು. ಯಾರೂ ಅದನ್ನು ತೆಗೆಯಲಿಲ್ಲ.

ಮರುದಿನ ಹಾಲು ಕೊಡಲು ಬಂದ ಪಕ್ಕದ ಮನೆಯ ಭಾಗಮ್ಮ ಚಪ್ಪರಕ್ಕೆ ಬಗ್ಗಿ ನೋಡಿ ತಂಬಿಗೆಯನ್ನು ನೆಲಕ್ಕಿಟ್ಟಳು.

"ಒದೆಯೋ ಹಸುಗೂ ನಾನು ಹೀಗೆ ಬಡಿಯಲ್ಲ ಕುಲ್ಸುಮಕ್ಕ. ಇದು ಮನೇನಾ?"

"ಅವಳೇ ಒರಳಿನ ಮೇಲೆ ಬಿದ್ದಳು, ಭಾಗಮ್ಮ."

"ಒರಳು ಬೆನ್ನ ಮೇಲೂ ಬಿತ್ತಾ?"

ಭಾಗಮ್ಮ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆಯಿಷಾಳನ್ನು ಬಸ್ಸು ಹತ್ತಿಸಿ ಮೂಡಿಗೆರೆಗೆ ಕರೆದೊಯ್ದು ಕೈಗೆ ಬ್ಯಾಂಡೇಜು ಹಾಕಿಸಿದಳು. ಬರುವಾಗ ದಾರಿಯಲ್ಲಿ, "ಸೀದಾ ಸಂಸೆ ಬಸ್ಸು ಹತ್ತು ತಂಗೀ, ನಾನು ಹತ್ತಿಸ್ತೀನಿ," ಅಂದಳು.

"ಬಾನು ಒಳಗಿದ್ದಾಳಕ್ಕ," ಅಂದಳು ಆಯಿಷಾ. "ನಾನು ಹೋದ್ರೆ, ತಪ್ಪಿತ್ತು ಅದಕ್ಕೇ ಓಡಿದಳು ಅಂತಾರೆ. ಮಗಳನ್ನ ಮತ್ತೆ ತೋರಿಸಲ್ಲ." ಬ್ಯಾಂಡೇಜು ಕೈ ಮಡಿಲಲ್ಲಿಟ್ಟುಕೊಂಡು ಬಣಕಲ್‌ನಲ್ಲೇ ಇಳಿದಳು.

ಅದಾದ ನಾಲ್ಕನೆಯ ದಿನಕ್ಕೆ ರಂಜಾನ್ ಹಿಡಿಯಿತು. ಮಳೆಗಾಲದ ರಂಜಾನ್ ಅಂದರೆ ಆ ಕಡೆ ಗಡಿಯಾರದ ರಂಜಾನ್. ಸೂರ್ಯ ಮುಳುಗಿದ್ದು ಯಾರಿಗೂ ಕಾಣುವುದಿಲ್ಲ. ಮಸೀದಿಯಲ್ಲಿ ಮಂಗಳೂರಿನಿಂದ ಬಂದ ವೇಳಾಪಟ್ಟಿ ತೂಗುಹಾಕಿರುತ್ತಾರೆ. ಸಂಜೆಯ ಹೊತ್ತಿಗೆ ಅದರಲ್ಲಿ ಮೂರು ನಿಮಿಷ ಕಳೆಯಬೇಕು. ಮಂಗಳೂರು ಪಡುವಣಕ್ಕಿದೆ, ಅಲ್ಲಿ ಸೂರ್ಯ ನಮಗಿಂತ ಅಷ್ಟು ತಡವಾಗಿ ಮುಳುಗುತ್ತಾನೆ. ಇದು ಬಣಕಲ್‌ನ ಮುಸಲ್ಮಾನರ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಕುಲ್ಸುಮ್‌ಗೆ ಅಕ್ಷರ ಬರುತ್ತಿರಲಿಲ್ಲ, ಗಡಿಯಾರ ಮಾತ್ರ ಚೆನ್ನಾಗಿ ಬರುತ್ತಿತ್ತು. ನಲವತ್ತು ರಂಜಾನ್‌ಗಳಲ್ಲಿ ಆ ಮನೆಯವರನ್ನು ಬೆಳಗಿನ ಸಹರಿ ಊಟಕ್ಕೆ ಎಬ್ಬಿಸಿದವಳೂ ಸಂಜೆ ಉಪವಾಸ ಬಿಡಿಸಿದವಳೂ ಅವಳೇ.

ಐದನೆಯ ರೋಜಾ ಉಪವಾಸದ ಮಧ್ಯಾಹ್ನ ಗೋಡೆ ಗಡಿಯಾರ ನಿಂತುಹೋಯಿತು. ಗಂಡಸರಿಬ್ಬರೂ ಕೆಟ್ಟುನಿಂತ ಬಸ್ಸು ನೋಡಲು ಹೋಗಿದ್ದರು. ಸಾಕ್ಷಿಗೆ ನೇತುಹಾಕಿದ್ದ ವಾಚು ಪಕ್ಕದಲ್ಲಿ ಓಡುತ್ತಲೇ ಇತ್ತು. ಒಂದೂವರೆ ಗಂಟೆ ಹಿಂದಿದೆ, ಅಷ್ಟು ಕೂಡಿಸಿಕೊಂಡರಾಯಿತು ಎಂದು ಕುಲ್ಸುಮ್ ಅದನ್ನೇ ನೋಡುತ್ತ ಗಂಜಿ ಇಟ್ಟಳು. ವಾಚಿನಲ್ಲಿ ಐದೂವರೆಗೆ ನಾಲ್ಕು ನಿಮಿಷ ಇದ್ದಾಗ, ಈಗ ಏಳಕ್ಕೆ ನಾಲ್ಕು ನಿಮಿಷ, ಈಗ ಕೂಗಬೇಕು ಅಂದುಕೊಂಡಳು. ಅದೇ ನಿಮಿಷಕ್ಕೆ ಮಸೀದಿಯಲ್ಲಿ ಅಜಾನ್ ಕೂಗಿತು.

ಖರ್ಜೂರ ಬಾಯಿಗೆ ಹಾಕಿಕೊಳ್ಳದೆ ಅವಳು ವಾಚಿನ ಮುಂದೆ ನಿಂತಳು. ಹಿಂದೆ ಬೀಳುವ ಗಡಿಯಾರ ದಿನಾ ಇನ್ನಷ್ಟು ಹಿಂದೆ ಬೀಳುತ್ತದೆ. ಗೋಡೆಯದು ವಾರಕ್ಕೆ ಐದು ನಿಮಿಷ ಹಿಂದೆ ಬೀಳುತ್ತಿತ್ತು, ಶುಕ್ರವಾರ ಶುಕ್ರವಾರ ತಾನೇ ಸರಿಮಾಡುತ್ತಿದ್ದಳು. ಇದು ನಾಲ್ಕು ವಾರದ ಮೇಲೂ ಒಂದೂವರೆ ಗಂಟೆಯಷ್ಟೇ ಹಿಂದಿದೆ. ಒಂದು ನಿಮಿಷ ಆಚೆ ಈಚೆ ಇಲ್ಲ.

ಚಪ್ಪರಕ್ಕೆ ಹೋದಳು. "ಆಯಿಷಾ, ಅಲ್ಲಿ ಸಂಜೆ ನಮಾಜ್ ಎಷ್ಟೊತ್ತಿಗೆ ಆಗ್ತಿತ್ತು?"

"ಬರೋ ಹಿಂದಿನ ದಿನ ಏಳಕ್ಕೆ ಐದು ನಿಮಿಷ ಇತ್ತು. ಎಂತಕ್ಕೆ?"

"ಯಾವ ಗಡಿಯಾರದಲ್ಲಿ?"

"ಅದೇ ವಾಚು. ಅವತ್ತೇ ಕಟ್ಟಿದ್ರು. ಮೊದಲು ನೋಡಿದ್ದೇ ಅಜಾನ್ ಹೊತ್ತು."

"ಇಲ್ಲಿ ಸೂರ್ಯ ಮುಳುಗುವಾಗ ಅದರಲ್ಲಿ ಐದೂವರೆನೂ ಆಗಿಲ್ಲ," ಅಂದಳು ಕುಲ್ಸುಮ್ ನಿಧಾನವಾಗಿ. "ಮಂಗಳೂರಿಗೇ ಮೂರು ನಿಮಿಷ. ದುಬೈ ಅದಕ್ಕಿಂತ ಎಷ್ಟು ಪಡುವಣಕ್ಕೆ ಮಗಳೇ?"

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಸಂಜೆಯ ಒಲೆ ಆರುವವರೆಗೆ ಇಬ್ಬರೂ ಚಪ್ಪರದ ನೆಲದ ಮೇಲೆ ಬೆಣಚುಕಲ್ಲು ಸಾಲಿಟ್ಟು, ಕೆಡಿಸಿ, ಮತ್ತೆ ಸಾಲಿಟ್ಟರು.

ಮರುದಿನ ಸಂಜೆ ಗಂಡಸರು ಕೈಕಾಲು ತೊಳೆದು ಚಾಪೆಯ ಮೇಲೆ ಕೂತರು. ಆಯಿಷಾ ದುಬೈನಿಂದ ತಂದ ಖರ್ಜೂರದ ಡಬ್ಬಿ ಮಧ್ಯದಲ್ಲಿತ್ತು. ಅವಳ ಕೈಯ ಅಡುಗೆ ಬೇಡವಾಗಿದ್ದರೂ ಆ ಖರ್ಜೂರದ ಬಗ್ಗೆ ಯಾರ ತಕರಾರೂ ಇರಲಿಲ್ಲ. ಅಜಾನ್ ಕೂಗಿತು. ರಜಬ್ ಅಲಿ ಕೈ ಚಾಚಿದ.

ಕುಲ್ಸುಮ್ ಡಬ್ಬಿ ಎಳೆದುಕೊಂಡಳು. "ನೀರು ಕುಡಿದು ರೋಜಾ ಬಿಡಿ. ಖರ್ಜೂರ ಎಣಿಸೋದಕ್ಕಿದೆ."

"ತಲೆ ಕೆಟ್ಟಿತಾ ನಿನಗೆ?"

"ನಲವತ್ತು ವರ್ಷದಲ್ಲಿ ಮೊದಲ ಸಲ ಸರಿಯಾಗಿದೆ. ಒಂದು ಖರ್ಜೂರ 'ಅರ್ಧ ಗಂಟೆ' ಅಂತ ತಿಳ್ಕೊಳ್ಳಿ." ಚಾಪೆಯ ಮೇಲೆ ಒಂದೊಂದೇ ಇಡುತ್ತ ಹೋದಳು. "ಹೋಗುವಾಗ ಇಲ್ಲಿಂದ ಬಿಟ್ಟಿದ್ದು ಒಂಬತ್ತೂವರೆ. ಸೇರಿದ್ದು ಹನ್ನೊಂದು, ಅದು ಅವರ ಹನ್ನೊಂದು. ಅವರದು ಸೂರ್ಯ ತಡ ಇರೋ ಊರು, ಅವರಿಗೆ ಹನ್ನೊಂದಾದಾಗ ನಮಗೆ ಹನ್ನೆರಡೂವರೆ. ಎಷ್ಟಾಯ್ತು? ಆರು. ಬರುವಾಗ ಅವರ ಹತ್ತಕ್ಕೆ ಬಿಟ್ಟಿತು. ಆಗ ನಮಗೆ ಹನ್ನೊಂದೂವರೆ. ಹನ್ನೊಂದೂ ಮುಕ್ಕಾಲಿಗೆ ಬಂದಿದ್ದು ಬೇರೆ ವಿಮಾನ. ಇವಳದು ಇಳಿದದ್ದು ನಮ್ಮ ಎರಡೂವರೆಗೆ. ಎಷ್ಟು? ಇದೂ ಆರು. ಹೋಗೋದಕ್ಕೂ ಮೂರು ಗಂಟೆ, ಬರೋದಕ್ಕೂ ಮೂರು ಗಂಟೆ. ಈಗ ನಿಮ್ಮ ಸಾವಿರದ ಇನ್ನೂರು ಮೈಲಿ ಭಾಗಿಸಿ."

ಚಾಪೆಯ ಮೇಲೆ ಎರಡು ಸಾಲು, ಒಂದಕ್ಕೊಂದು ಸಮ. ಮುದುಕನ ತುಟಿ ಅಲುಗಿತು. "ನಾನೂರು," ಅಂದ. "ಅಷ್ಟು ಓಡಬಹುದು."

"ಇದೆಲ್ಲ ಅವಳು ಹೇಳಿಕೊಟ್ಟಿದ್ದು," ಅಂದ ರಹೀಮ್. ಬಗ್ಗಿ ಕೈಯಿಂದ ಎರಡೂ ಸಾಲನ್ನು ಬಳಿದುಹಾಕಲು ಹೋದ. ಕುಲ್ಸುಮ್ ಪಕ್ಕದಲ್ಲಿ ಇಳಿಸಿಟ್ಟಿದ್ದ ಕುದಿಯುವ ಗಂಜಿಯಲ್ಲಿದ್ದ ಹಿತ್ತಾಳೆ ಸೌಟನ್ನು ಎತ್ತಿ ಅವನ ಮಣಿಕಟ್ಟಿನ ಮೇಲೆ ಬಡಿದಳು. ಗಂಜಿ ಮೊಣಕೈಯವರೆಗೆ ಹರಿದು ಚರ್ಮ ಸುಲಿಯಿತು. ಅವನು ಕಿರುಚಿ ಹಿಂದಕ್ಕೆ ಬಿದ್ದಾಗ ಅಂಗಿಯ ಜೇಬಿನಿಂದ ಒಂದು ನೀಲಿ ಏರ್‌ಮೇಲ್ ಕಾಗದ ಜಾರಿತು.

"ಇದು ಯಾವಾಗ ಬಂತು?" ಅಂದ ರಜಬ್ ಅಲಿ.

"ಬೆಳಿಗ್ಗೆ. ಅಂಚೆಯ ಷಡಕ್ಷರಿ ಕೊಟ್ಟ," ಅಂದ ರಹೀಮ್, ಸುಟ್ಟ ಕೈಯನ್ನು ನೀರಿನ ಬಿಂದಿಗೆಯಲ್ಲಿ ಅದ್ದಿಕೊಂಡು.

ಆಯಿಷಾ ಬಾಗಿಲಲ್ಲಿ ನಿಂತಿದ್ದಳು. ಮುದುಕ ಓದಿದ. ನಜೀರ್ ನಾಲ್ಕೇ ಸಾಲು ಬರೆದಿದ್ದ. ರಹೀಮ್ ಬರೆದದ್ದನ್ನು ಓದಿದೆ. ಆ ಮಲಯಾಳಿಯ ವಿಷಯ ಓದಿದ ಮೇಲೆ ಊಟ ಸೇರುತ್ತಿಲ್ಲ. ಅವಳನ್ನು ಸಂಸೆಗೆ ಕಳಿಸಿ, ಮಗು ಅಲ್ಲೇ ಇರಲಿ. ಆಗಸ್ಟಿನಲ್ಲಿ ರಜೆ ಸಿಗುತ್ತದೆ, ಬಂದು ತಲಾಖ್ ಮುಗಿಸುತ್ತೇನೆ.

"ನೀನು ಗಂಟೆಯ ವಿಷಯ ಬರೆದಿದ್ದೆಯಾ?" ಅಂತ ಆಯಿಷಾ ಮೈದುನನನ್ನು ಕೇಳಿದಳು.

"ಎಲ್ಲಾ ಬರೆದಿದ್ದೆ. ಹತ್ತಕ್ಕೆ ಬಿಟ್ಟಿದ್ದು, ಹನ್ನೊಂದೂವರೆಗೆ ಬರಬೇಕಾಗಿದ್ದು, ಎಲ್ಲಾ."

ಅವಳು ತಲೆಯಾಡಿಸಿದಳು. ಇಷ್ಟು ದಿನ ಅವಳ ಕಣ್ಣಲ್ಲಿದ್ದ ಏನೋ ಒಂದು ಆಗ ಆರಿತು ಎಂದು ಕುಲ್ಸುಮ್ ಆಮೇಲೆ ಭಾಗಮ್ಮನಿಗೆ ಹೇಳಿದಳು.

ಆಯಿಷಾ ಒಳಗೆ ಹೋಗಿ ಮಗಳ ಎರಡು ಲಂಗ ಗಂಟುಕಟ್ಟಿ ಹೆಗಲಿಗೆ ಹಾಕಿಕೊಂಡಳು. ಗೋಡೆಯ ಮೊಳೆಯಿಂದ ವಾಚು ತೆಗೆದು ಜಂಪರಿನೊಳಗೆ ಇಟ್ಟಳು. ಬಾನುವನ್ನು ಬಲಗೈಯಲ್ಲಿ ಎತ್ತಿಕೊಂಡು ಜಗಲಿಗೆ ಬಂದಾಗ ರಜಬ್ ಅಲಿ ಬಾಗಿಲಿಗೆ ಅಡ್ಡ ನಿಂತಿದ್ದ. ಅಂಗಿ ಕಳಚಿದ್ದ. ಮುದಿ ಬೆನ್ನು ತಿರುಗಿಸಿ, ಫ್ಯಾನ್ ಬೆಲ್ಟನ್ನು ಹಿಂದಕ್ಕೆ ಚಾಚಿ ಹಿಡಿದಿದ್ದ.

"ಮೂರು," ಅಂದ. "ನಾನು ಹೊಡೆದಷ್ಟೇ. ಹೊಡೆದು ಹೋಗು ಮಗಳೇ."

"ಎಡಗೈ ಎತ್ತೋಕೆ ಆಗಲ್ಲ ಅಬ್ಬಾ," ಅಂದಳು ಆಯಿಷಾ. "ಬಲಗೈಲಿ ಮಗು ಇದೆ."

ಅವನು ದಾರಿ ಬಿಟ್ಟ. ಮಗುವನ್ನು ತಡೆಯುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ಕುಲ್ಸುಮ್ ಅವಳ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಭಾಗಮ್ಮನ ಮನೆಯವರೆಗೆ ಹಿಂದೆಯೇ ನಡೆದಳು. ಬೆಳಗಿನ ಬಸ್ಸಿಗೆ ಅವರು ಸಂಸೆಗೆ ಹೋದರು.

ಕುಲ್ಸುಮಳ ಹಟಕ್ಕೆ ದುಬೈಗೆ ಇನ್ನೊಂದು ಕಾಗದ ಹೋಯಿತು. ಈ ಸಲ ಬರೆದವನು ರಜಬ್ ಅಲಿ. ಉತ್ತರದ ಬದಲು ಆಗಸ್ಟಿನಲ್ಲಿ ನಜೀರನೇ ಬಂದ. ಮೊದಲು ಬಣಕಲ್‌ಗೆ ಬಂದು ತಮ್ಮನನ್ನು ವರ್ಕ್‌ಶಾಪಿನ ಮುಂದೆ, ಎಲ್ಲರೂ ನೋಡುತ್ತಿದ್ದಂತೆ, ಕೆಸರಿನಲ್ಲಿ ಕೆಡವಿ ಒದ್ದ. ರಹೀಮ್ ಸುಟ್ಟ ಕೈಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ, ತಿರುಗಿ ಹೊಡೆಯಲಿಲ್ಲ. ಪಕ್ಕೆಲುಬು ಮುರಿದ ಮೇಲೆ ಜನ ಬಿಡಿಸಿದರು. ಮರುದಿನ ನಜೀರ್ ಜೀಪು ಹತ್ತಿ ಸಂಸೆಗೆ ಬಂದ.

ಅಣ್ಣನ ಮನೆಯ ಮುಂದಿನ ಕಟ್ಟೆಯ ಮೇಲೆ ಆಯಿಷಾ ಹುರುಳಿ ಆರಿಸುತ್ತಿದ್ದಳು. ಎಡಗೈ ಕೂಡಿಕೊಂಡಿತ್ತು, ಸ್ವಲ್ಪ ಸೊಟ್ಟಗೆ. ನಜೀರ್ ಅದನ್ನು ನೋಡಿ ಕಟ್ಟೆಯ ಕೆಳಗೇ ನಿಂತ.

"ಅವನಿಗೆ ಸರಿಯಾಗಿ ಕೊಟ್ಟಿದೀನಿ ಆಯಿಷಾ. ಇನ್ನು ಜನ್ಮದಲ್ಲಿ ಕೈ ಎತ್ತಲ್ಲ ಅವನು."

"ಕೇಳ್ದೆ. ಜೀಪಿನವರು ಹೇಳಿದ್ರು."

"ಅವರಿಗೆ ಗಡಿಯಾರದ ವಿಷಯ ಗೊತ್ತಿರಲಿಲ್ಲ. ಓದಿದವರಲ್ಲ. ಮನಸ್ಸಿಗೆ ಹಚ್ಕೋಬೇಡ. ಮನೆಗೆ ಹೋಗೋಣ, ಏಳು."

ಆಯಿಷಾ ಒಂದು ಕಲ್ಲನ್ನು ಆರಿಸಿ ಎಸೆದಳು. "ನಿಮ್ಮ ವಾಚಿನಲ್ಲಿ ಈಗ ಎಷ್ಟು?"

ಅವನು ಮಣಿಕಟ್ಟು ನೋಡಿಕೊಂಡ. "ನಾಲ್ಕೂಕಾಲು."

ಅವಳು ತಲೆಯೆತ್ತಿ ಒಳಗಿನ ಗೋಡೆ ಗಡಿಯಾರ ನೋಡಿದಳು. ಅಲ್ಲೂ ನಾಲ್ಕೂಕಾಲು.

"ಬಾಂಬೆಯಲ್ಲಿ ಇಳಿದ ಮೇಲೆ ಮುಳ್ಳು ತಿರುಗಿಸಿದ್ರಾ?"

"ಇಲ್ಲ, ವಿಮಾನದಲ್ಲೇ ತಿರುಗಿಸಿದೆ. ಯಾವಾಗಲೂ ಹಾಗೇ, ಸೀಟಲ್ಲಿ ಕೂತ ಕೂಡಲೇ ಒಂದೂವರೆ ಗಂಟೆ ಮುಂದಕ್ಕೆ ಇಟ್ಟುಬಿಡ್ತೀನಿ."

"ಹಾಗಾದ್ರೆ ಕಾಗದ ಓದುವಾಗಲೂ ನಿಮಗೆ ಗೊತ್ತಿತ್ತು," ಅಂದಳು ಆಯಿಷಾ. ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.